ಜಕ್ಕೂರಿನ ಮೇನ್ ಸ್ವಿಚ್

ಊರಿಗೆ ಹೊರಡುವಾಗ ಮನೆಯ ಮೇನ್ ಸ್ವಿಚ್ ಆಫ್ ಮಾಡಬೇಕು, ಗ್ಯಾಸ್ ಸಿಲಿಂಡರ್ ಬಂದ್ ಮಾಡಬೇಕು, ಬೀಗ ಹಾಕಿದ ಮೇಲೆ ಜಗ್ಗಿ ನೋಡಬೇಕು, ಬಸ್‌ಸ್ಟಾಪಿನವರೆಗೆ ಹೋಗಿ ಅನುಮಾನ ಬಂದು ವಾಪಸ್ ಬಂದು ಮತ್ತೊಮ್ಮೆ ಜಗ್ಗಬೇಕು. ನಮ್ಮ ಜನ ಬೇರೆ ಯಾವ ನಿಯಮ ಮುರಿದರೂ ಇದನ್ನು ಮುರಿಯುವುದಿಲ್ಲ. ಹೆಲ್ಮೆಟ್ ಇಲ್ಲದೆ ಹೆಬ್ಬಾಳದ ಫ್ಲೈಓವರ್ ಹತ್ತುವ ಮಹಾಶಯನೂ ಮೇನ್ ಆಫ್ ಮಾಡದೆ ಹೊಸಿಲು ದಾಟುವುದಿಲ್ಲ. ಈ ಶಿಸ್ತಿನ ದೆಸೆಯಿಂದಲೇ ನನ್ನ ಮಗಳ ಮದುವೆಗೆ ಗೊತ್ತಾಗಿದ್ದ ಕಲ್ಯಾಣ ಮಂಟಪ ನಮ್ಮ ಕೈ ತಪ್ಪಿಹೋಯಿತು.

ನನ್ನದು ಆರ್.ಟಿ. ನಗರದಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಬೋರ್ಡಿನ ಮೇಲೆ 'ಡೇಟಾ ಸೊಲ್ಯೂಷನ್ಸ್' ಎಂದಿದೆ. ಒಳಗೆ ಬರುವವರಲ್ಲಿ ಹೆಚ್ಚಿನವರು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ತೆಗೆಸಲು ಬರುತ್ತಾರೆ. ನನ್ನ ದೊಡ್ಡ ಗಿರಾಕಿಗಳು ಎಂದರೆ ಯಲಹಂಕದ ಇಬ್ಬರು ಅಣ್ಣತಮ್ಮಂದಿರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮೊಮ್ಮಕ್ಕಳು ಗ್ರಾನೈಟ್ ಬೆಳೆದರು, ಅದಕ್ಕೆ ಕಲ್ಯಾಣ ಮಂಟಪ ಎಂದು ಹೆಸರಿಟ್ಟರು. ಉಳಿದ ಆಸ್ತಿಯೆಲ್ಲ ಪಾಲಾಗಿತ್ತು, ಬಾವಿ ಕೂಡ ಪಾಲಾಗಿತ್ತು. ಮಂಟಪ ಮಾತ್ರ ಜಂಟಿಯಾಗಿ ಉಳಿದಿತ್ತು, ಏಕೆಂದರೆ ಅರ್ಧ ಮಂಟಪದಲ್ಲಿ ಅರ್ಧ ಮದುವೆ ಮಾಡಲು ಯಾರೂ ಒಪ್ಪುವುದಿಲ್ಲ.

ದೊಡ್ಡವರು ಮಂಟಪದಲ್ಲೇ ಕೂತು ಬುಕಿಂಗ್ ನೋಡುತ್ತಿದ್ದರು. ಚಿಕ್ಕವರು ಆರ್.ಟಿ. ನಗರದ ತಮ್ಮ ಆಫೀಸಿನಲ್ಲಿ ಇನ್ನೊಂದು ಕೌಂಟರ್ ತೆರೆದಿದ್ದರು. ಕಂಪ್ಯೂಟರ್ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂದಾಗ ಇಬ್ಬರೂ "ನಂಗೇನಿಲ್ಲಪ್ಪ, ಅವ್ನತ್ರಾನೇ ಇರ್ಲಿ" ಎಂದರು. ಅಂದರೆ ಇಬ್ಬರಿಗೂ ಬೇಕು ಎಂದರ್ಥ. ಹಿಂದೆ ಒಂದೇ ಮಷಿನ್ ಇದ್ದಾಗ ಮದುವೆ ಸೀಸನ್ನಿನಲ್ಲಿ ಅದರ ಡಿಸ್ಕ್ ಕೈಕೊಟ್ಟು, ಯಾವ ದಿನ ಯಾರ ಮದುವೆ ಎಂದು ಗಿರಾಕಿಗಳನ್ನೇ ಕೇಳುವ ಗತಿ ಬಂದಿತ್ತು. ಹಾಗಾಗಿ ನಾನು ಎರಡು ಮಷಿನ್ ಇಟ್ಟೆ, ನಡುವೆ ಕೇಬಲ್ ಎಳೆಸಿದೆ. ಒಂದು ಕಡೆ ಬರೆದದ್ದು ಆ ಕ್ಷಣವೇ ಇನ್ನೊಂದು ಕಡೆಯೂ ಬರೆದಾಗುತ್ತದೆ, ಎರಡೂ ಕಡೆ ಬರೆದಾದ ಮೇಲೆಯೇ ರಸೀದಿ ಹೊರಗೆ ಬರುತ್ತದೆ. ಕನ್ನಡಿಯ ಹಾಗೆ ಎಂದು ವಿವರಿಸಿದೆ. "ಆದ್ರೆ ನಂದು ಮುಖ, ಅವ್ರದು ಕನ್ನಡಿ, ಅಲ್ವಾ ಸಾರ್?" ಎಂದರು ಚಿಕ್ಕವರು. ದೊಡ್ಡವರೂ ಬೇರೆ ದಿನ ಬೇರೆಯಾಗಿ ಅದನ್ನೇ ಕೇಳಿದರು.

ಇಂಥ ಜೋಡಿ ಮಷಿನ್‌ಗಳಿಗೆ ಒಂದು ಕಾಯಿಲೆ ಇದೆ. ನಡುವಿನ ಕೇಬಲ್ ತುಂಡಾದರೆ ಇದು ಅದನ್ನು ಸತ್ತಿತು ಎಂದುಕೊಳ್ಳುತ್ತದೆ, ಅದು ಇದನ್ನು ಸತ್ತಿತು ಎಂದುಕೊಳ್ಳುತ್ತದೆ. ಎರಡೂ ಗಟ್ಟಿಮುಟ್ಟಾಗಿದ್ದು, ಎರಡೂ ತಾನೇ ಯಜಮಾನ ಎಂದು ಬೇರೆಬೇರೆ ಲೆಕ್ಕ ಬರೆಯತೊಡಗುತ್ತವೆ. ಇದಕ್ಕೆ ಮದ್ದು ಮೂರನೆಯದೊಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಯಾರ ಬುಕಿಂಗೂ ಇರುವುದಿಲ್ಲ. ಅದರ ಕೆಲಸ ಬೇರೆ ಲೈನಿನಲ್ಲಿ ಇಬ್ಬರ ಜೊತೆಯೂ ಮಾತಾಡಿ ಸಾಕ್ಷಿ ಹೇಳುವುದು ಮಾತ್ರ. ಮೂರರಲ್ಲಿ ಎರಡು ಮತ ಯಾರ ಕಡೆ ಇದೆಯೋ ಅವರು ಬರೆಯಬಹುದು, ಒಂಟಿಯಾದವರು ಬಾಯಿ ಮುಚ್ಚಿಕೊಂಡು ಹಳೆಯದನ್ನು ಓದುತ್ತಾ ಕೂರಬೇಕು. ಈ ಪೆಟ್ಟಿಗೆ ಇಬ್ಬರ ಹತ್ತಿರವೂ ಇರಬಾರದು, ಬೇರೆ ಜಾಗ ಬೇಕು ಎಂದೆ.

ಅಣ್ಣತಮ್ಮಂದಿರು ಜೀವನದಲ್ಲಿ ಮೊದಲ ಬಾರಿಗೆ ಒಕ್ಕೊರಲಿನಿಂದ ಹೇಳಿದರು: "ತಂಗಿ ಮನೇಲಿ ಮಡಗಿ."

ಅವರ ತಂಗಿಯನ್ನು ಕೊಟ್ಟಿರುವುದು ಜಕ್ಕೂರಿಗೆ. ಅಣ್ಣಂದಿರ ಜಗಳ ಮಿತಿ ಮೀರಿದಾಗ ಆಕೆ ಬಂದು ಒಂದು ಮಾತು ಹೇಳುವುದು, ಇಬ್ಬರೂ ಗೊಣಗಿಕೊಂಡು ಅದನ್ನು ಕೇಳುವುದು ಆ ಮನೆಯ ಪದ್ಧತಿ. ಬಾವಿಯ ವಿಷಯವನ್ನೂ ಆಕೆಯೇ ಬಗೆಹರಿಸಿದ್ದಂತೆ. ನಾನು ಪುಸ್ತಕದಲ್ಲಿ ಓದಿ ಕಲಿತದ್ದನ್ನು ಇವರು ಅಪ್ಪನ ತಿಥಿಯ ದಿನ ಆಸ್ತಿ ಪಾಲಾಗುವಾಗಲೇ ಜಾರಿಗೆ ತಂದಿದ್ದರು. ಜಕ್ಕೂರಿನ ಮನೆಯ ದೇವರ ಕೋಣೆಯ ಮೇಲಿನ ಅಟ್ಟದಲ್ಲಿ ಪೆಟ್ಟಿಗೆ ಕೂತಿತು. ತಂಗಿ ಅದಕ್ಕೂ ಒಂದು ಕುಂಕುಮದ ಬೊಟ್ಟಿಟ್ಟಳು. "ಇದುಕ್ಕೇನೂ ಮಾಡ್ಬಾರ್ದು ತಾನೇ?" ಎಂದು ಕೇಳಿದಳು. ಕರೆಂಟು ಮಾತ್ರ ತೆಗೆಯಬಾರದು ಎಂದೆ.

ಇನ್ನೊಂದು ಕೇಬಲ್ ಬೇರೆ ದಾರಿಯಲ್ಲಿ ಎಳೆಸೋಣ ಎಂದೂ ಕೇಳಿದ್ದೆ. "ಮಷಿನ್ನೇ ಎರಡು ಮಡಗಿದ್ದೀವಿ, ಕೇಬಲ್ಲೂ ಎರಡಾ? ಆಮೇಲೆ ನಿಮ್ಮನ್ನೂ ಇಬ್ರನ್ನ ಮಡಗ್ಬೇಕಾಯ್ತದೆ" ಎಂದರು ದೊಡ್ಡವರು. ಎಲ್ಲರೂ ನಕ್ಕರು. ಬಿಲ್ ಪಾಸಾಗಬೇಕಿತ್ತು, ನಾನೂ ನಕ್ಕೆ.

ಹತ್ತು ಹನ್ನೆರಡು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಆ ವರ್ಷದ ಗೌರಿ ಹಬ್ಬ ಬಂತು. ಗೌರಿ ಹಬ್ಬಕ್ಕೆ ಅಣ್ಣಂದಿರು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕಲ್ಲ. ಮಾತು ಬಿಟ್ಟಿದ್ದರೂ ಆ ದಿನ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಾರೆ, ಅವರ ತಾಯಿ ಅಷ್ಟರಮಟ್ಟಿಗೆ ಬಿಗಿ. ತಂಗಿ, ಭಾವ, ಮಕ್ಕಳು ಹೊರಟು ನಿಂತರು. ದೊಡ್ಡವರು ಗ್ಯಾಸ್ ಆಫ್ ಮಾಡಿದರು. ಚಿಕ್ಕವರು ಜವಾಬ್ದಾರಿಯುತ ಅಣ್ಣನಾಗಿ ಮೇನ್ ಆಫ್ ಮಾಡಿ, ಬೀಗ ಹಾಕಿ, ಜಗ್ಗಿ ನೋಡಿದರು. ಅಟ್ಟದ ಮೇಲಿನ ಸಾಕ್ಷಿ ಕಣ್ಣು ಮುಚ್ಚಿತು.

ನನ್ನ ಫೋನಿಗೆ ಎಚ್ಚರಿಕೆ ಬಂತು. ಕರೆ ಮಾಡಿದೆ. "ಅಯ್ಯೋ, ಅಬ್ಬ ಮುಗುಸ್ಕೊಂಡು ಬಂದು ಆನ್ ಮಾಡ್ತೀವಿ ಬಿಡಿ ಸಾರ್, ಕರ್ಜಿಕಾಯಿ ಕಳುಸ್ತೀನಿ" ಎಂದರು ದೊಡ್ಡವರು. ಮಿಕ್ಕ ಎರಡೂ ಮಷಿನ್ ಒಂದನ್ನೊಂದು ನೋಡುತ್ತಿದ್ದವು, ಮೂರರಲ್ಲಿ ಎರಡು ಮತ ಇತ್ತು, ಕೆಲಸ ನಡೆಯುತ್ತಿತ್ತು, ಹಿಂದಿನ ಹಬ್ಬಗಳಲ್ಲೂ ಹಾಗೇ ನಡೆದಿತ್ತು. ಕರ್ಜಿಕಾಯಿ ಬರಲಿಲ್ಲ.

ಗಣೇಶನ ಮರುದಿನ ಶುಕ್ರವಾರ. ಪಿತೃಪಕ್ಷ ಶುರುವಾದರೆ ಯಾರೂ ಮದುವೆಯ ಮಾತೆತ್ತುವುದಿಲ್ಲ, ಆದ್ದರಿಂದ ಅದಕ್ಕೆ ಮುಂಚಿನ ಶುಕ್ರವಾರಗಳು ಎಂದರೆ ಎರಡೂ ಕೌಂಟರಿನಲ್ಲಿ ನೂಕುನುಗ್ಗಲು. ನಮ್ಮ ಮನೆಯಲ್ಲೂ ಅದೇ ಗಡಿಬಿಡಿ. ಮಗಳಿಗೆ ಚಿಕ್ಕಬಾಣಾವರದ ಕಡೆಯ ಸಂಬಂಧ ಕೂಡಿಬಂದಿತ್ತು. ಎರಡೂ ಕಡೆಯ ಪುರೋಹಿತರು ಪರಸ್ಪರರ ಪಂಚಾಂಗವನ್ನು ನಂಬದೆ ದಿನ ಎಳೆಯುತ್ತಿದ್ದರು. ಮಾಘದಲ್ಲಿ ಯಾವ ದಿನ ಎಂದು ಆ ಬೆಳಿಗ್ಗೆ ಅಂತಿಮವಾಗಬೇಕಿತ್ತು, ಆದ ಕೂಡಲೇ ನನ್ನ ಹೆಂಡತಿ ಮತ್ತು ಮಗಳು ಆರ್.ಟಿ. ನಗರದ ಕೌಂಟರಿಗೆ ಹೋಗಿ ಬುಕ್ ಮಾಡುವುದೆಂದು ಮಾತಾಗಿತ್ತು. ಮಂಟಪ ಯಾವುದು ಎಂಬ ಚರ್ಚೆಯೇ ಇರಲಿಲ್ಲ. ನಾನು ಯಲಹಂಕದ ಮಂಟಪದಲ್ಲಿ ವೈರ್ ಎಳೆಯುವ ಕಾಲದಲ್ಲಿ ಮಗಳು ಶಾಲೆ ಮುಗಿಸಿ ನನ್ನ ಜೊತೆ ಬಂದು, ಆ ಖಾಲಿ ವೇದಿಕೆಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ನನ್ನ ಮದುವೆ ಇಲ್ಲೇ ಎಂದು ಆಗಲೇ ತೀರ್ಮಾನಿಸಿದ್ದಳು, ಗಂಡು ಯಾರು ಎಂಬುದು ಆಮೇಲಿನ ಮಾತು.

ನಮ್ಮ ಏರಿಯಾಗಳಲ್ಲಿ ಗಣಪತಿ ಚೌತಿಯ ದಿನವೇ ಬರಬೇಕೆಂದೇನಿಲ್ಲ. ಚಂದಾ ಯಾವಾಗ ಕೂಡುತ್ತದೋ ಆಗ ಬರುತ್ತಾನೆ. ಆ ಶುಕ್ರವಾರ ಯಲಹಂಕದ ಒಂದು ಯುವಕರ ಸಂಘಕ್ಕೆ ಚಂದಾ ಕೂಡಿತ್ತು. ಪೆಂಡಾಲಿನ ಕಂಬ ನೆಡಲು ಫುಟ್‌ಪಾತಿನಲ್ಲಿ ಹಾರೆ ಹಾಕಿದರು. ವಿಘ್ನನಿವಾರಕನ ಮೊದಲ ಕಂಬ ನೇರವಾಗಿ ನಮ್ಮ ಕೇಬಲ್ಲಿನ ಮೇಲೆಯೇ ಇಳಿಯಿತು.

ಎರಡೂ ಮಷಿನ್ ಒಂಟಿಯಾದವು. ಸಾಕ್ಷಿಯನ್ನು ಕೂಗಿದವು, ಸಾಕ್ಷಿ ಇಲ್ಲ. ಎರಡೂ ಬಾಯಿ ಮುಚ್ಚಿಕೊಂಡವು. ನಾನು ಕಟ್ಟಿದ ವ್ಯವಸ್ಥೆ ಮಾಡಬೇಕಾದದ್ದನ್ನೇ ಮಾಡಿತು: ಸುಳ್ಳು ಹೇಳುವುದಕ್ಕಿಂತ ಕೌಂಟರ್ ಮುಚ್ಚುವುದು ವಾಸಿ ಎಂದಿತು. ಅಂಥ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡ ಗಿರಾಕಿಯನ್ನು ನಾನು ಇಂದಿನವರೆಗೂ ಕಂಡಿಲ್ಲ. ಸ್ಕೂಟರ್ ಹತ್ತಿ ಯಲಹಂಕ ತಲುಪುವಷ್ಟರಲ್ಲಿ ದೊಡ್ಡವರ ಮುಖ ಕೆಂಪಾಗಿತ್ತು.

"ಏನ್ ಸಾರ್ ಇದು? ಜನ ಕ್ಯೂ ನಿಂತವ್ರೆ. ಎರಡೂ ಮಷಿನ್ ಚೆನ್ನಾಗೈತೆ, ಎರಡೂ ಕೆಲ್ಸ ಮಾಡಲ್ಲ ಅಂತಾವೆ. ಇಂಗಾದ್ರೆ ಎಂಗೆ?"

"ಜಕ್ಕೂರಲ್ಲಿ ಮೇನ್ ಆನ್ ಮಾಡಿದ್ರೆ ಮುಗೀತು. ತಂಗಿಯವರನ್ನ ಒಂದರ್ಧ ಗಂಟೆ ಕಳಿಸಿ" ಎಂದೆ.

ಒಳಗಿನಿಂದ ಅವರ ತಾಯಿ ಹೊರಗೆ ಬಂದರು. ಮಂಟಪದ ಪಕ್ಕದಲ್ಲೇ ಹಳೆಯ ಮನೆ. "ಶುಕ್ರವಾರ ಮನೆಮಗಳನ್ನ ಕಳುಸ್ತಾರೇನಪ್ಪಾ? ಲಕ್ಷ್ಮೀನ ಓಗು ಅಂದಂಗೆ."

"ಬೀಗದ ಕೈ ಆದ್ರೂ ಕೊಡಿ ಅಮ್ಮ, ನಾನೇ ಹೋಗಿಬರ್ತೀನಿ."

"ಶುಕ್ರವಾರ ಬೀಗದ ಕೈ ಬೇರೇವ್ರಿಗೆ ಕೊಡ್ತಾರಾ? ನಾಳೆ ಶನಿವಾರ, ಬೇಡ. ಭಾನುವಾರ ಬಾಗಿನ ಕೊಟ್ಟು ಕಳುಸ್ತೀವಿ, ಆಗ ಆಕ್ಕೊಳ್ಳಿ ನಿಮ್ ಕರೆಂಟು."

ತಂಗಿ ಬಾಗಿಲ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದಳು. ಲೋಕದ ದೊಡ್ಡ ದೊಡ್ಡ ಎಂಜಿನಿಯರುಗಳು ಭೂಕಂಪ, ಪ್ರವಾಹ, ಬೆಂಕಿ ಎಲ್ಲಕ್ಕೂ ಉಪಾಯ ಬರೆದಿಟ್ಟಿದ್ದಾರೆ. ಶುಕ್ರವಾರಕ್ಕೆ ಬರೆದಿಲ್ಲ.

ಉಳಿದದ್ದು ಒಂದೇ ದಾರಿ. ಒಂದು ಮಷಿನ್‌ಗೆ ಬಲವಂತವಾಗಿ ಅಧಿಕಾರ ಕೊಡುವ ಆಜ್ಞೆ ಇದೆ. ಅದನ್ನು ಕೊಡುವ ಮುನ್ನ ಇನ್ನೊಂದು ಕಡೆ ಖಂಡಿತವಾಗಿ ಮುಚ್ಚಿದೆ ಎಂದು ನೋಡಿಕೊಳ್ಳಬೇಕು. ನಾನು ಚಿಕ್ಕವರಿಗೆ ಫೋನ್ ಮಾಡಿ, ಕೇಬಲ್ ಸರಿಯಾಗುವ ತನಕ ಆರ್.ಟಿ. ನಗರದ ಕೌಂಟರ್ ತೆರೆಯಬೇಡಿ, ಮಷಿನ್ ಆಫ್ ಮಾಡಿ ಎಂದೆ. "ಓಕೆ ಗುರೂ, ಡನ್" ಎಂದರು. ಯಲಹಂಕದ ಪರದೆ ನನ್ನನ್ನು ಕೇಳಿತು: ಆಚೆಯದು ಸತ್ತಿರುವುದು ಖಚಿತವೇ? ದೊಡ್ಡವರು ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿ, "ಬಿಡ್ತು ಅನ್ನಿ ಸಾರ್! ಅಬ್ಬದ ದಿನ ತಮ್ಮನ್ನ ಸತ್ತ ಅಂತ ಬರೀತೀರಾ?" ಎಂದರು. ಬಿಡ್ತು ಎಂದು ಬಾಯಲ್ಲಿ ಹೇಳಿ, ಹೌದು ಎಂದು ಕೈಯಲ್ಲಿ ಒತ್ತಿದೆ. ಯಲಹಂಕ ತೆರೆಯಿತು.

ಸಾಲಿನಲ್ಲಿ ಮೊದಲಿದ್ದವನು ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಮೇಸ್ತ್ರಿ. ಹೆಂಡತಿಯ ಜೊತೆ ಬಂದಿದ್ದ. ಹೆಗಲ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಮಾಘದಾಗೆ ಈ ದಿನ ಐತಾ ಸ್ವಾಮಿ? ಮಗಳ ಮದ್ವೆ" ಎಂದು ಕೇಳಿದ. ಇತ್ತು. ರಸೀದಿ ಬಂತು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ. ಹೆಂಡತಿ ರಸೀದಿಯನ್ನು ಇಸಿದುಕೊಂಡು, ಓದು ಬರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. ನನಗೆ ಬಹಳ ಸಮಾಧಾನವಾಯಿತು, ವ್ಯವಸ್ಥೆಯನ್ನು ಉಳಿಸಿದೆ ಎಂಬ ಜಂಬವೂ ಬಂತು.

ಆ ಜಂಬ ನನ್ನ ಹೆಂಡತಿಯ ಫೋನ್ ಬರುವ ತನಕ ಇತ್ತು. "ಬುಕ್ ಆಯ್ತು ಕಣ್ರೀ! ಮೊದ್ಲು ಮಷಿನ್ ಕೆಟ್ಟಿದೆ ಅಂದ್ರು, ಚಿಕ್ಕವ್ರು ಖುದ್ದಾಗಿ ಏನೋ ಒತ್ತಿ ಸರಿಮಾಡ್ಸಿದ್ರು. ನಿಮ್ಮ ಮನೆಯೋರು ಅಂದ್ರೆ ನಮ್ಮ ಮನೆಯೋರು ಅಂತ ನಮ್ದೇ ಮೊದ್ಲು ಮಾಡಿಕೊಟ್ರು. ಎಷ್ಟು ಒಳ್ಳೆಯೋರು!" ಎಂದು ಮುಹೂರ್ತದ ದಿನವನ್ನೂ ಹೇಳಿದಳು: ಮೇಸ್ತ್ರಿ ಈಗಷ್ಟೇ ಬುಕ್ ಮಾಡಿದ್ದ ಅದೇ ದಿನ.

ನಾನು ಬೆಂಚಿನ ಮೇಲಿದ್ದ ಮೇಸ್ತ್ರಿಯನ್ನು ನೋಡಿದೆ. ಎರಡು ಮಷಿನ್‌ಗಳು ಎರಡು ಲೋಕಗಳಾಗಿವೆ ಎಂಬ ಸುದ್ದಿ ಬೇರೆಯವರಿಗೆ ಕೆಂಪು ದೀಪದಿಂದಲೋ ಅಲಾರಂನಿಂದಲೋ ತಿಳಿಯುತ್ತದೆ. ನನಗೆ ಮಗಳ ಮದುವೆಯ ಶುಭಸಮಾಚಾರವಾಗಿ ತಿಳಿಯಿತು.

ಆದದ್ದು ಇಷ್ಟೆ. ಚಿಕ್ಕವರು ನನಗೆ ಡನ್ ಎಂದವರು, ಅಣ್ಣನ ಕೌಂಟರ್ ತೆರೆದಿದೆ ಎಂದು ಕೇಳಿದ ಕೂಡಲೇ ಮಷಿನ್ ಮಾರಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದರು. ಆಚೆ ಕಡೆ ಸತ್ತಿದೆಯೇ ಎಂದು ಅವರು ಕೇಳಿದರಂತೆ. ಇವರು ಒಂದು ಗಳಿಗೆಯೂ ಯೋಚಿಸದೆ ಹೌದು ಎಂದರಂತೆ. ಬಿಡ್ತು ಅನ್ನಲೂ ಇಲ್ಲ. ದಿನ ಖಾಲಿ ಇದೆಯೋ ಎಂದು ಯಲಹಂಕಕ್ಕೆ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದು ಆಮೇಲೆ ಕೇಳಿದೆ. "ಕೇಳಿದ್ರೆ ನಾವು ಬ್ರಾಂಚ್ ಆಗ್ಬಿಡ್ತೀವಲ್ಲ ಸಾರ್" ಎಂದರು.

ಮರುದಿನ ಕೇಬಲ್ ಸರಿಯಾಯಿತು. ಎರಡು ಮಷಿನ್‌ಗಳು ಒಂದನ್ನೊಂದು ನೋಡಿದವು, ಜೊತೆಗೂಡಲು ನಿರಾಕರಿಸಿದವು. ಇಂಥ ಹೊತ್ತಿನಲ್ಲಿ ಮಷಿನ್ ನ್ಯಾಯ ಹೇಳುವುದಿಲ್ಲ, ಮನುಷ್ಯನನ್ನು ಕೇಳುತ್ತದೆ: ಯಾವ ಕಡೆಯ ಬರಹವನ್ನು ಬಿಟ್ಟುಕೊಡುತ್ತೀರಿ? ಬಿಟ್ಟುಕೊಟ್ಟ ಕಡೆ ಒಂಟಿಯಾಗಿ ಬರೆದದ್ದೆಲ್ಲ ಅಳಿಸಿಹೋಗಿ, ಇನ್ನೊಂದು ಕಡೆಯದು ಅಲ್ಲಿ ತುಂಬಿಕೊಳ್ಳುತ್ತದೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೇರೆ ಬುಕಿಂಗುಗಳನ್ನೆಲ್ಲ ಮತ್ತೆ ಕೈಯಲ್ಲಿ ತುಂಬಬಹುದಿತ್ತು, ದಿನಗಳು ಬೇರೆಬೇರೆ ಇದ್ದವು. ಡಿಕ್ಕಿ ಹೊಡೆದದ್ದು ಒಂದೇ ಒಂದು: ಮೇಸ್ತ್ರಿಯ ಮಗಳು, ನನ್ನ ಮಗಳು.

ಹಳೆಯ ಮನೆಯ ಜಗುಲಿಯಲ್ಲಿ ಅಣ್ಣತಮ್ಮಂದಿರು ಇಬ್ಬರೂ ಕೂತಿದ್ದರು. ನನ್ನ ಲ್ಯಾಪ್‌ಟಾಪ್ ಸ್ಟೂಲಿನ ಮೇಲಿತ್ತು. ದೊಡ್ಡವರು ತಮ್ಮ ಕಡೆಯದೇ ಉಳಿಯಬೇಕು ಎಂದರು. ಚಿಕ್ಕವರು ತಮ್ಮದೇ ಎಂದರು. ಯಾರ ಮದುವೆ ಎಂಬುದರ ಗೊಡವೆ ಇಬ್ಬರಿಗೂ ಇರಲಿಲ್ಲ, ಯಾರ ಕೌಂಟರ್ ಎಂಬುದೇ ವಿಷಯ. ಪದ್ಧತಿಯಂತೆ ತಂಗಿಯನ್ನು ಕರೆದರು.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಎಲ್ಲ ಕೇಳಿಸಿಕೊಂಡಳು. "ನನ್ನ ಯಾಕೆ ಕೇಳ್ತೀರಾ? ನನ್ ಮೇನ್ ನೀವೇ ಆಫ್ ಮಾಡಿದ್ದಲ್ವಾ?" ಎಂದು ಹೇಳಿ ಒಳಗೆ ಹೋದಳು.

ಆಮೇಲೆ ಚಿಕ್ಕವರು ನನ್ನ ಪಕ್ಕಕ್ಕೆ ಸರಿದು ತಗ್ಗಿದ ದನಿಯಲ್ಲಿ ಹೇಳಿದರು: "ಸಾರ್, ಯಾಕೆ ತಲೆ ಕೆಡಿಸ್ಕೋತೀರಾ? ನಿಮ್ಮ ಮಗಳದು ನಮ್ ಕಡೆ ಇದೆ. ನಮ್ದನ್ನ ಉಳಿಸಿ. ಆ ಮೂಟೆಯವ್ನಿಗೆ ಬೇರೆ ದಿನ ಕೊಡೋಣ. ಕೈಮುಗಿದು ಹೋಗ್ತಾನೆ, ಪಾಪ."

ದೊಡ್ಡವರು ಎಲ್ಲಿ ಜಗಳ ಶುರುಮಾಡುತ್ತಾರೋ ಎಂದು ನೋಡಿದೆ. ಅವರು ಮೆಲ್ಲಗೆ, "ನಿಮ್ ಮಗು ವಿಷ್ಯ ಅಂದ್ರೆ ನಂದೂ ಅಡ್ಡಿಯಿಲ್ಲ ಬಿಡಿ" ಎಂದುಬಿಟ್ಟರು. ಅಣ್ಣತಮ್ಮಂದಿರ ನಡುವೆ ಇಷ್ಟು ಬೇಗ ಒಮ್ಮತ ಮೂಡಿದ್ದನ್ನು ನಾನು ಕಂಡದ್ದು ಎರಡನೇ ಸಲ. ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳು. ವೇದಿಕೆಯ ಮೇಲೆ ಕಾಲು ಚಾಚಿ ಕೂತು ಮಗ್ಗಿ ಬರೆಯುತ್ತಿದ್ದ ಹುಡುಗಿ ಕಣ್ಣ ಮುಂದೆ ಬಂದಳು. ಆದರೆ ಆ 'ಕೈಮುಗಿದು ಹೋಗ್ತಾನೆ' ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಹೌದು, ಹೋಗುತ್ತಿದ್ದ. ಅದಕ್ಕೇ ನನಗೆ ಸಿಟ್ಟು ಬಂದದ್ದು.

ಮಗಳಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, "ನಿಯಮದ ಪ್ರಕಾರ ಯಾವುದಪ್ಪಾ ಸರಿಯಾದ್ದು?" ಎಂದಳು.

"ಯಲಹಂಕದ್ದು. ಆಚೆ ಮುಚ್ಚಿ ಅಂತ ಹೇಳಿ ತೆರೆದದ್ದು ಅದೊಂದೇ."

"ಮತ್ತೆ ನನ್ನನ್ನ ಯಾಕೆ ಕೇಳ್ತಿದ್ದೀಯ?" ಎಂದು ಫೋನ್ ಇಟ್ಟಳು. ದನಿ ಒಡೆದಿತ್ತು.

ಆರ್.ಟಿ. ನಗರದ ಬರಹವನ್ನು ಬಿಟ್ಟುಕೊಡುತ್ತೇನೆ ಎಂದು ಒತ್ತಿದೆ. ಪರದೆಯಲ್ಲಿ ನನ್ನ ಮಗಳ ಹೆಸರಿದ್ದ ಜಾಗದಲ್ಲಿ ಮೇಸ್ತ್ರಿಯ ಮಗಳ ಹೆಸರು ಬಂತು. ಈಗ ಎರಡೂ ಮಷಿನ್‌ಗಳಲ್ಲಿ ಒಂದೇ ಮದುವೆ. ವ್ಯವಸ್ಥೆ ಆರೋಗ್ಯವಾಗಿದೆ ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ನನಗೆ ಅಳು ಬರುವಂತಾಯಿತು.

ಹೆಂಡತಿ, "ನಿಮ್ಮ ಮಷಿನ್‌ಗಳು ಒಂದಾದ್ವಲ್ಲ, ಸಂತೋಷ. ಇನ್ನು ಊಟಾನೂ ಅವೇ ಬಡಿಸ್ಲಿ" ಎಂದಳು. ಆಮೇಲೆ ನಮ್ಮಿಬ್ಬರ ನಡುವಿನ ಕೇಬಲ್ ಬಹಳ ದಿನ ತುಂಡಾಗಿಯೇ ಇತ್ತು. ಮಾಘದ ಆ ದಿನಕ್ಕೆ ಬೇರೆಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ಅಬ್ಬಿಗೆರೆಯ ಒಂದು ಛತ್ರದಲ್ಲಿ ವೈಶಾಖಕ್ಕೆ ಸಿಕ್ಕಿತು. ಅಲ್ಲಿನ ಬುಕಿಂಗ್ ವ್ಯವಸ್ಥೆ ಎಂದರೆ ಗೋಡೆಗೆ ತೂಗುಹಾಕಿದ ಒಂದು ಕ್ಯಾಲೆಂಡರ್, ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ನು. ಇದು ಹರಿದುಹೋದರೆ ಏನು ಗತಿ ಎಂದು ಮ್ಯಾನೇಜರನ್ನು ಕೇಳಿದೆ. "ಅರಿದೋದ್ರೆ ಮದ್ವೆಯೋರೇ ಬಂದು ಯೋಳ್ತಾರೆ ಬಿಡಿ" ಎಂದ. ಜೀವಮಾನವೆಲ್ಲ ಒಂದೇ ಪ್ರತಿಯನ್ನು ನಂಬಬಾರದು ಎಂದು ಬೋಧಿಸಿದವನು ಆ ಕ್ಯಾಲೆಂಡರಿಗೆ ಕೈಮುಗಿದು ಬಂದೆ.

ಮಾಘದ ಆ ದಿನ ಯಲಹಂಕದ ಮಂಟಪದಲ್ಲಿ ದೊಡ್ಡ ಪರದೆ ಕೈಕೊಟ್ಟಿತೆಂದು ನನ್ನನ್ನೇ ಕರೆಸಿದರು. ಹೋದೆ. ಹೋಗದೆ ಏನು ಮಾಡುವುದು, ಒಪ್ಪಂದದಲ್ಲಿದೆ. ಬಾಗಿಲಲ್ಲಿ ಹೂವಿನಲ್ಲಿ ಬರೆದ ಹೆಸರನ್ನು ಓದದೆ ಒಳಗೆ ಹೋಗಿ, ಸಡಿಲವಾಗಿದ್ದ ವೈರನ್ನು ಸಿಕ್ಕಿಸಿ ಹೊರಡುವಾಗ ಮೇಸ್ತ್ರಿ ಅಡ್ಡ ನಿಂತ. ರೇಷ್ಮೆ ಪಂಚೆ, ಕಣ್ಣು ಕೆಂಪಾಗಿತ್ತು, ಆಗಷ್ಟೇ ಧಾರೆ ಎರೆದು ಬಂದಿದ್ದ.

"ಆವತ್ತು ಮಷಿನ್ ಮುಂದೆ ಕೂತಿದ್ದೋರು ನೀವೇ ಅಲ್ವಾ ಸ್ವಾಮಿ? ಎಲ್ರೂ ಎದರಿಸಿದ್ರು, ಕಂಪ್ಯೂಟ್ರಲ್ಲಿ ಬುಕ್ ಮಾಡಿದ್ರೆ ಗೋಲ್‌ಮಾಲ್ ಆಯ್ತದೆ ಅಂತ. ಒಂದೇ ಒಂದ್ ತೊಂದ್ರೆ ಆಗ್ಲಿಲ್ಲ ನೋಡಿ" ಎಂದು ತಾಂಬೂಲದ ಚೀಲವನ್ನು ಎರಡೂ ಕೈಯಿಂದ ಕೊಟ್ಟ.

ಚೀಲವನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಯಾರ ಮದುವೆ ಎಂದು ಹೆಂಡತಿ ಕೇಳಲಿಲ್ಲ, ಕಾಯಿಯನ್ನು ಒಡೆದು ರಾತ್ರಿಯ ದೋಸೆಗೆ ಚಟ್ನಿ ರುಬ್ಬಿದಳು. ಮಗಳು ಎರಡು ದೋಸೆ ತಿಂದು, ಬೆರಳಿನಿಂದ ತಟ್ಟೆ ಬಳಿದಳು.

"ನನ್ನ ಮುಹೂರ್ತದ ಕಾಯಿ ಚೆನ್ನಾಗಿದೆ ಅಪ್ಪಾ" ಎಂದಳು, ಇನ್ನೊಂದು ದೋಸೆ ಹಾಕು ಎಂದು ಅಮ್ಮನ ಕಡೆ ತಟ್ಟೆ ಚಾಚಿದಳು.